ಕೊಳದ ಮೂಲೆಯ ನೀಲಿ ಕೋಟು

ಕಂಬಣ್ಣನ ಕೆಲಸವೆಂದರೆ ನಿಂತಿರುವುದು. ಹೀಗೆಂದರೆ ನಾನು ಅವನನ್ನು ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆಡಿಕೊಳ್ಳುವುದಕ್ಕೆ ಆ ಕಟ್ಟಡದಲ್ಲಿ ಬೇರೆ ಬೇಕಾದಷ್ಟು ಜನ ಇದ್ದರು. ನಮ್ಮ ಸಂಸ್ಥೆಯಲ್ಲಿ ಇಲಿಗಳ ನೆನಪಿನ ಮೇಲೆ ಸಂಶೋಧನೆ ನಡೆಯುತ್ತಿತ್ತು. ಇಲಿಯನ್ನು ಪಂಜರದಿಂದ ಎತ್ತಿ ನೀರಿಗೆ ಬಿಡಬೇಕು, ಅದು ಈಜಿ ಮುಗಿಸುವ ತನಕ ಮಿಸುಕಾಡದೆ ನಿಂತಿರಬೇಕು, ಆಮೇಲೆ ಎತ್ತಿ, ಒರೆಸಿ, ವಾಪಸು ಪಂಜರಕ್ಕೆ ಬಿಡಬೇಕು. ಇದಕ್ಕೆಂದೇ ಒಬ್ಬ ಆಳು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ, ಗಾಳಿ ಬೀಸಿದರೆ ಬೀಳುವ ಹಾಗಿದ್ದ, ಆದರೆ ಎಂದೂ ಬೀಳದ ಆಳು. ಕಂಬಣ್ಣ ಎಂದು ಹೆಸರಿಟ್ಟವಳು ನಾನೇ. ಪಕ್ಕದ ಕೋಣೆಯಲ್ಲಿ ಪಂಜರ ತೊಳೆಯುವ ಕೆಲಸ ನನ್ನದು. ಕೈ ನೀರಲ್ಲಿದ್ದರೆ ಬಾಯಿ ಬಿಡುವಾಗಿರುತ್ತದೆ.

ಈಗ ಆ ಕೋಣೆಯಲ್ಲಿ ಯಾರೂ ನಿಲ್ಲುವುದಿಲ್ಲ. ಕೊಳದ ಸುತ್ತ ಕಪ್ಪು ಪರದೆ ಬಂದಿದೆ. ಹೊಸಬರಿಗೆ ಅದು ಬರೀ ಪರದೆ. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೊಳ ಅಂದೆ, ಅದು ಕೊಳವೇನಲ್ಲ, ದೊಡ್ಡದೊಂದು ದುಂಡನೆಯ ಪ್ಲಾಸ್ಟಿಕ್ ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಕದಡಿ ಬೆಳ್ಳಗೆ ಮಾಡುತ್ತಿದ್ದರು. ಒಂದು ಕಡೆ, ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಸಣ್ಣದೊಂದು ಮಣೆ ಮುಳುಗಿಸಿಟ್ಟಿರುತ್ತಿದ್ದರು. ಮಣೆ ಕಾಣುವುದಿಲ್ಲ. ಇಲಿಗೆ ಈಜು ಬರುತ್ತದೆ, ಆದರೆ ಇಷ್ಟವಿಲ್ಲ. ಮೊದಲ ದಿನ ಅದು ತೊಟ್ಟಿಯ ಅಂಚಿಗೇ ಅಂಟಿಕೊಂಡು ಸುತ್ತುತ್ತದೆ, ಗೋಡೆ ಕೆರೆಯುತ್ತದೆ, ಕೊನೆಗೆ ಕಾಲಿಗೆ ಮಣೆ ಸಿಕ್ಕಿ ಹತ್ತಿ ಕೂರುತ್ತದೆ. ಕೂತು ಸುತ್ತಲೂ ನೋಡುತ್ತದೆ. ಮಾರನೆಯ ದಿನ ಸ್ವಲ್ಪ ಬೇಗ ಸಿಗುತ್ತದೆ. ಕೆಲವು ದಿನ ಕಳೆದರೆ ಯಾವ ಕಡೆಯಿಂದ ಬಿಟ್ಟರೂ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಕೋಣೆಯಲ್ಲಿ ಕಾಣುವ ಯಾವುದೋ ಒಂದು ಗುರುತು ಹಿಡಿದುಕೊಂಡು ಮಣೆ ಇಂಥ ಕಡೆ ಎಂದು ಲೆಕ್ಕ ಹಾಕುತ್ತದಂತೆ. ಅದಕ್ಕೆಂದೇ ಗೋಡೆಗೆ ಕರಿಯ ಪಟ್ಟಿ, ದೊಡ್ಡ ಗುಣಾಕಾರದ ಗುರುತು, ತ್ರಿಕೋನ ಎಲ್ಲ ಅಂಟಿಸಿದ್ದರು. ಆ ವರ್ಷ ಗೋಡೆಗೆ ಸುಣ್ಣ ಹೊಡೆದ ಮೇಲೆ ಅವನ್ನು ಮತ್ತೆ ಅಂಟಿಸಿದವರು ತಮಗೆ ಕೈಗೆಟುಕುವಷ್ಟೇ ಎತ್ತರಕ್ಕೆ ಅಂಟಿಸಿದರು. ತೊಟ್ಟಿಯೊಳಗಿನ ಇಲಿಗೆ ಅಂಚಿನಾಚೆ ಎಷ್ಟು ಕಂಡೀತು ಎಂದು ಬಗ್ಗಿ ನೋಡುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ನಾನೂ ನೋಡಲಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ.

ಆ ಸಂಶೋಧನೆ ಮಾಡುತ್ತಿದ್ದವಳು ಒಬ್ಬ ಹುಡುಗಿ. ಕಣ್ಣಿನ ಕೆಳಗೆ ಸದಾ ಕಪ್ಪು, ಕೈಯಲ್ಲಿ ಸದಾ ಆರಿದ ಟೀ. ಅವಳ ಮೇಲಿನವರು ದೊಡ್ಡ ಸಾಹೇಬರು. ಅವರು ಕೊಳದ ಕೋಣೆಗೆ ಬಂದದ್ದಕ್ಕಿಂತ ಅದರ ಬಗ್ಗೆ ಭಾಷಣ ಮಾಡಿದ್ದೇ ಹೆಚ್ಚು. ಹುಡುಗಿ ಒಳ್ಳೆಯವಳು. ಒಂದು ದಿನ ನಾನೂ ಕಂಬಣ್ಣನೂ ಇಲಿಗಳ ತಲೆಯ ಮೇಲೆ ಸಣ್ಣ ಕೊಳವೆ ಯಾಕೆ ಕೂರಿಸಿದ್ದೀರಿ ಎಂದು ಕೇಳಿದಾಗ ಮುಖ ಸಿಂಡರಿಸದೆ ಕೂರಿಸಿಕೊಂಡು ಹೇಳಿದಳು.

"ಮಿದುಳಿನ ಕಣಗಳ ಮೇಲೆ ರಿಸೆಪ್ಟರ್ ಅಂತ ಇರ್ತವೆ ಅಣ್ಣಾ, ಸಣ್ಣ ಬಾಗಿಲುಗಳ ಹಾಗೆ. ಬ್ಯಾಂಕಿನ ಲಾಕರ್ ನೋಡಿದೀರಲ್ಲ? ಅವರ ಕೀಲಿ, ನಮ್ಮ ಕೀಲಿ ಎರಡೂ ಒಟ್ಟಿಗೆ ತಿರುಗಿದ್ರೆ ಮಾತ್ರ ತೆರೆಯುತ್ತೆ. ಇದೂ ಹಾಗೇ. ಪಕ್ಕದ ಕಣದಿಂದ ಸುದ್ದಿ ಬರಬೇಕು, ಅದೇ ಹೊತ್ತಿಗೆ ಈ ಕಣವೂ ಎದ್ದು ಕೂತಿರಬೇಕು. ಆಗ ಬಾಗಿಲು ತೆರೆಯುತ್ತೆ. ತೆರೆದ್ರೆ ಎರಡಕ್ಕೂ ನಂಟು ಗಟ್ಟಿಯಾಗುತ್ತೆ. ಅದೇ ನೆನಪು."

"ಕೊಳವೆ?"

"ಅರ್ಧ ಇಲಿಗಳಿಗೆ ಅದರಲ್ಲಿ ಔಷಧ ಬಿಡ್ತೀವಿ. ಆ ಬಾಗಿಲು ತೆರೆಯೋಕೆ ಬಿಡೋದಿಲ್ಲ ಅದು. ಇನ್ನರ್ಧಕ್ಕೆ ಬರೀ ಉಪ್ಪುನೀರು. ಔಷಧದವು ಈಜ್ತವೆ, ನೋಡ್ತವೆ, ಮಣೆ ಹತ್ತಿ ಕೂರ್ತವೆ. ಆದರೆ ಏನೂ ಉಳಿಯೋದಿಲ್ಲ. ನಾಳೆ ಮತ್ತೆ ಮೊದಲ ದಿನವೇ."

ಕಂಬಣ್ಣ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ, "ಹಳೇ ನೆನಪು ಇರುತ್ತಲ್ಲ ಮೇಡಂ, ಅದನ್ನ ಅಳಿಸುತ್ತಾ ಈ ಔಷಧ?" ಎಂದು ಕೇಳಿದ.

"ಇಲ್ಲಣ್ಣ. ಕಲಿಯೋಕೆ ಮುಂಚೆ ಕೊಡಬೇಕು. ಒಮ್ಮೆ ಕೂತುಬಿಟ್ಟದ್ದನ್ನ ಇದು ಏನೂ ಮಾಡೋದಿಲ್ಲ."

"ಮುಂಚೆನೇ ಯಾರಿಗೆ ಗೊತ್ತಿರುತ್ತೆ ಮೇಡಂ," ಎಂದು ಎದ್ದು ಹೋದ.

ಅವನು ಯಾರ ನೆನಪಿನ ಬಗ್ಗೆ ಕೇಳಿದ ಎಂಬುದು ಆ ಹುಡುಗಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಅವನ ಹೆಂಡತಿಯದು.

ಇಲಿಗಳ ಹತ್ತಿರ ಬರುವ ಮುಂಚೆ ಕಂಬಣ್ಣ ಒಂದು ಸಿನಿಮಾ ಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಕೆಲಸದಲ್ಲಿದ್ದ. ಅತ್ತಿಗೆ, ಅಂದರೆ ಅವನ ಹೆಂಡತಿ, ಅಲ್ಲೇ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಅವನು ಬಾಯಿ ಬಿಡದವನು, ಇವಳು ಬಾಯಿ ಮುಚ್ಚದವಳು. "ಕಿಂಡಿಯಲ್ಲಿ ಇವರ ಹೊಟ್ಟೆ ಮಾತ್ರ ಕಾಣ್ತಿತ್ತು, ಮುಖ ನೋಡಬೇಕು ಅಂತಲೇ ಮದುವೆ ಆದೆ," ಎನ್ನುತ್ತಿದ್ದಳು. ಆಟಗಳ ನಡುವಿನ ಬಿಡುವಿನಲ್ಲಿ ಕಿಂಡಿಯೊಳಗೆ ಕೂತು ಅವನಿಗೊಂದು ಕಂದು ಬಣ್ಣದ ಸ್ವೆಟರ್ ಹೆಣೆದಿದ್ದಳು. ಅದರ ತೋಳು ಅವನ ಕೈಗೆ ಗಿಡ್ಡ. ಆ ತೋಳಿನ ವಿಷಯಕ್ಕೆ ಇಬ್ಬರೂ ಜೀವನಪೂರ್ತಿ ಜಗಳವಾಡಿದರು.

ಅವರಿಗೊಂದು ಮಗು ಆಗುವುದಿತ್ತು. ಆಗಲಿಲ್ಲ. ಹೊಸ ಚಿತ್ರ ಬಿಡುಗಡೆಯಾದ ದಿನವೇ ಅವಳಿಗೆ ನೋವು ಬಂತು. ಮಂದಿರದಲ್ಲಿ ಜನ ಕಾಲಿಡಲಾರದಷ್ಟು. ಯಜಮಾನ ಕಂಬಣ್ಣನನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಮಂಪರಿನ ಔಷಧ ಕೊಟ್ಟು ಹೊಟ್ಟೆ ಕುಯ್ದರು. ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಮಗುವೂ ಇರಲಿಲ್ಲ, ಗಂಡನೂ ಇರಲಿಲ್ಲ. ಒಂದು ಖಾಲಿ ಕುರ್ಚಿ ಇತ್ತಂತೆ. ನರ್ಸ್ ಯಾರದೋ ಹತ್ತಿರ ಮಾತಾಡುತ್ತಾ ಹೇಳಿದ್ದು ಇವಳ ಕಿವಿಗೆ ಬಿದ್ದೇ ವಿಷಯ ಗೊತ್ತಾಯಿತು. ಆಮೇಲೆ ಮಕ್ಕಳಾಗಲಿಲ್ಲ. ಎಲ್ಲದರ ಬಗ್ಗೆಯೂ ನಗೆಯಾಡುತ್ತಿದ್ದ ಅತ್ತಿಗೆ ಆ ಕುರ್ಚಿಯ ಬಗ್ಗೆ ಮಾತ್ರ ಒಮ್ಮೆಯೂ ನಗಲಿಲ್ಲ. ಅವರ ಮನೆಯಲ್ಲಿ ಹಾಸಿಗೆಯ ಪಕ್ಕ ಕುರ್ಚಿ ಇಡುವ ಹಾಗಿರಲಿಲ್ಲ.

ಹಾಗಾಗಿ, ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಗಂಡನಿಂದ ಒಂದೇ ಮಾತು ತೆಗೆದುಕೊಂಡಳು. ನನ್ನ ಎದುರಿಗೇ ತೆಗೆದುಕೊಂಡಳು.

"ಸತ್ರೆ ಸಾಯ್ತೀನಿ, ಅದಕ್ಕೇನೂ ಇಲ್ಲ. ಆದರೆ ನಾನು ಕಣ್ಣು ಬಿಟ್ಟಾಗ ನೀವು ಇರಬೇಕು. ಈ ಸಲ ಇಲ್ಲ ಅಂದ್ರೆ ನಾನು ನಿಮ್ಮ ಹತ್ರ ಮಾತಾಡೋದಿಲ್ಲ ನೋಡಿ."

"ಇರ್ತೀನಿ," ಎಂದ ಕಂಬಣ್ಣ.

"ನೀನು ಸಾಕ್ಷಿ," ಎಂದಳು ನನ್ನ ಕಡೆ ತಿರುಗಿ.

ಆಪರೇಷನ್ನಿನ ದಿನ ಕೊಳದಲ್ಲಿ ಕಲಿಕೆ ನಡೆಯುತ್ತಿದ್ದಾಗಲೇ ಬಂತು. ಒಂದು ತಂಡದ ಇಲಿಗಳಿಗೆ ಕಲಿಸುವಾಗ ಕೋಣೆಯಲ್ಲಿ ಯಾವುದೂ ಬದಲಾಗಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ದೀಪ ಅದೇ, ನೀರಿನ ಬಿಸಿ ಅದೇ, ಆಳೂ ಅದೇ. ಕಂಬಣ್ಣ ವರ್ಷಗಟ್ಟಲೆ ಒಂದೇ ಸೋಪು ಹಾಕಿ ಸ್ನಾನ ಮಾಡಿದವನು, ಇಲಿಗಳಿಗೆ ವಾಸನೆ ಬದಲಾಗಬಾರದೆಂದು. "ಅತ್ತಿಗೆಗೂ ಇಷ್ಟು ನಿಯತ್ತು ತೋರಿಸಿದ್ಯೋ ಇಲ್ವೋ," ಎಂದು ನಾನು ರೇಗಿಸುತ್ತಿದ್ದೆ. ಆದರೂ ರಜೆ ಕೇಳಿದಾಗ ದೊಡ್ಡ ಸಾಹೇಬರು ಸಲೀಸಾಗಿ ಕೊಟ್ಟರು. "ಹೋಗಪ್ಪ, ಹೋಗು. ನಿಂತ್ಕೊಳ್ಳೋ ಕೆಲಸ ತಾನೆ? ಯಾರಾದರೂ ನಿಂತ್ಕೊಳ್ತಾರೆ."

ನಿಂತುಕೊಳ್ಳಲು ಸಂಸ್ಥೆಯದೇ ಮೊಲದ ಮನೆಯಿಂದ ಒಬ್ಬನನ್ನು ಕಳಿಸಿದರು. ಮೊಲದವನು ಗಿಡ್ಡ, ದುಂಡಗೆ, ಒಂದು ಕಡೆ ನಿಲ್ಲದ ಪ್ರಾಣಿ. ಕಂಬಣ್ಣ ಸದಾ ನಿಲ್ಲುತ್ತಿದ್ದದ್ದು ಕಿಟಕಿಯ ಪಕ್ಕದ ಮೂಲೆಯಲ್ಲಿ, ನೀಲಿ ಕೋಟು ತೊಟ್ಟು, ತೊಟ್ಟಿಗೆ ಎರಡು ಮಾರು ದೂರದಲ್ಲಿ. ಮೊಲದವನು ಅಂಥದ್ದೇ ನೀಲಿ ಕೋಟು ತೊಟ್ಟು, ಆ ಮೂಲೆಯಲ್ಲಿ ಫೋನು ಸಿಗುವುದಿಲ್ಲವೆಂದು ಬಾಗಿಲಿಗೆ ಒರಗಿ ನಿಂತ.

ಆ ದಿನ ಉಪ್ಪುನೀರಿನ ಇಲಿಗಳಿಗೆ ದಾರಿ ತಪ್ಪಿತು. ಹಿಂದಿನ ದಿನ ನೆಟ್ಟಗೆ ಹೋಗಿ ಮಣೆ ಹತ್ತಿದವು ಇಂದು ಮಣೆ ಸಿಗದೆ ಹುಡುಕಿ ಹುಡುಕಿ ಸುಸ್ತಾದವು. ಔಷಧದ ಇಲಿಗಳಂತೂ ಎಂದಿನ ಹಾಗೆ ಹೊಸಬರೇ. ಎರಡು ಗುಂಪಿಗೂ ವ್ಯತ್ಯಾಸವೇ ಉಳಿಯಲಿಲ್ಲ. ವ್ಯತ್ಯಾಸ ಇಲ್ಲ ಅಂದರೆ ಆ ಹುಡುಗಿಯ ಇಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮ. ಅವಳು ತೊಟ್ಟಿಯ ಅಂಚು ಹಿಡಿದುಕೊಂಡು ಕೂತುಬಿಟ್ಟಳು.

ದೊಡ್ಡ ಸಾಹೇಬರು ಬಂದರು. "ಏನು ಬದಲಾಗಿದೆ?" ಎಂದರು.

"ಅಣ್ಣ ಇಲ್ಲ. ಅಷ್ಟೇ ಸರ್."

"ಅದೇ ಮತ್ತೆ. ಹೊಸ ಕೈ, ಇಲಿಗಳು ಹೆದರಿವೆ. ಹೆದರಿದ ಪ್ರಾಣಿಗೆ ನೆನಪು ಎಲ್ಲಿಂದ ಬರುತ್ತೆ? ನಾಳೆಯೇ ಪರೀಕ್ಷೆ. ಅವನನ್ನ ಕರೆಸು."

ಬೇರೆ ದಾರಿ ಇರಲಿಲ್ಲ ಎಂದು ಹುಡುಗಿ ಆಮೇಲೆ ನನಗೆ ಹೇಳಿದಳು. ಇಲಿಗಳ ತಲೆಯ ಕೊಳವೆಗಳು ಸಡಿಲಾಗತೊಡಗಿದ್ದವು. ನಾಳೆ ತಪ್ಪಿದರೆ ಇಡೀ ತಂಡವನ್ನು ಕೊಂದು ಹೊಸದಾಗಿ ಶುರುಮಾಡಬೇಕು. ಅವಳ ಸಂಶೋಧನೆಯ ಅವಧಿಯೂ ಮುಗಿಯುತ್ತಾ ಬಂದಿತ್ತು. ಇಲಿಗಳನ್ನು ಹೇಗೂ ಕೊಲ್ಲುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮಿದುಳನ್ನು ಹೋಳು ಮಾಡಿ ನೋಡಬೇಕಲ್ಲ. ಆದರೆ ಫಲವಿಲ್ಲದೆ ಕೊಲ್ಲುವುದು ಬೇರೆ.

ಅತ್ತ ಆಪರೇಷನ್ ಮುಗಿದಿತ್ತು. ಗಡ್ಡೆ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತಂತೆ. ಮೈಯಲ್ಲಿ ರಕ್ತ ಕಡಿಮೆ, ಜ್ವರ ಏರಿತ್ತು, ನಿದ್ದೆಯ ಔಷಧ ಕೊಟ್ಟು ಮಲಗಿಸಿಟ್ಟಿದ್ದರು. ಉದ್ದನೆಯ ವಾರ್ಡು, ಹಸಿರು ಬಣ್ಣದ ಪರದೆಗಳು, ನೆಲ ಒರೆಸಿದ ಫಿನಾಯಿಲ್ ವಾಸನೆ. ಅವಳ ಮಂಚದ ಪಕ್ಕದಲ್ಲಿ ಆಸ್ಪತ್ರೆಯದೇ ಒಂದು ಕಬ್ಬಿಣದ ಕುರ್ಚಿ. ಕಂಬಣ್ಣ ಅದರ ಮೇಲೆ ಕೂತಿದ್ದ, ಅದು ಖಾಲಿ ಇರಬಾರದೆಂದು ಅವಳನ್ನು ತಂದು ಮಲಗಿಸಿದಾಗಿನಿಂದ ಅಲುಗಾಡಿರಲಿಲ್ಲ. ಸಂಜೆ ನಾನು ಅವನಿಗೆ ಊಟ ತೆಗೆದುಕೊಂಡು ಹೋದಾಗ ಆ ಹುಡುಗಿ ಬಂದಳು.

"ಅಣ್ಣಾ, ನಾಚಿಕೆ ಆಗುತ್ತೆ ಕೇಳೋಕೆ. ನಾಳೆ ಬೆಳಿಗ್ಗೆ ಒಂದು ಹೊತ್ತು. ನಿಮ್ಮ ಕೈ ಇಲ್ಲದೆ ಇಲಿಗಳಿಗೆ ಆಗ್ತಿಲ್ಲ."

"ನನ್ನ ಕೈಯಾ?" ಎಂದ ಕಂಬಣ್ಣ, ಕೈಯನ್ನು ಮೇಲೆ ಮಾಡಿ ನೋಡಿಕೊಂಡು.

ಅಷ್ಟರಲ್ಲಿ ದೊಡ್ಡ ಸಾಹೇಬರೇ ಫೋನು ಮಾಡಿದರು. ಅವರು ಕಂಬಣ್ಣನ ಹತ್ತಿರ ಅದುವರೆಗೆ ಆಡಿದ್ದ ಮಾತೆಲ್ಲ ಸೇರಿಸಿದರೂ ಒಂದು ಅಂಗೈಯಲ್ಲಿ ಹಿಡಿಸುತ್ತಿತ್ತು. ಈಗ "ನೀನಿಲ್ಲದೆ ನಡೆಯೋದಿಲ್ಲಪ್ಪ" ಎಂದರು. ಆ ಮಾತು ಕೇಳಿದಾಗ ಅವನ ಮುಖ ಹೇಗಾಯಿತು ಎಂದು ನಾನು ನೋಡಿದೆ. ಕತ್ತಲಲ್ಲಿ ಸೀಟು ತೋರಿಸಿಕೊಂಡಿದ್ದವನು, ಮೂಲೆಯಲ್ಲಿ ನಿಂತಿದ್ದವನು. ಜೀವಮಾನದಲ್ಲಿ ಯಾರೂ ಅವನಿಗೆ ನೀನಿಲ್ಲದೆ ನಡೆಯುವುದಿಲ್ಲ ಎಂದಿರಲಿಲ್ಲ, ಹಾಸಿಗೆಯ ಮೇಲೆ ಮಲಗಿದ್ದ ಅವಳೊಬ್ಬಳನ್ನು ಬಿಟ್ಟರೆ. ಅವನ ಮೇಲೆ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ಆ ಮುಖ ನೆನೆದರೆ ಅಯ್ಯೋ ಪಾಪ ಅನ್ನಿಸುತ್ತದೆ.

ಅವನು ಸುಮ್ಮನೆ ಎದ್ದು ಹೋದವನಲ್ಲ. ವಾರ್ಡಿನ ಡಾಕ್ಟರನ್ನು ಹಿಡಿದು ಕೇಳಿದ. ನಿದ್ದೆಯ ಔಷಧ ನಾಳೆ ಸಂಜೆಯ ತನಕ ಇರುತ್ತದೆ, ಅದಕ್ಕೆ ಮುಂಚೆ ಕಣ್ಣು ಬಿಡುವ ಮಾತೇ ಇಲ್ಲ ಎಂದರು ಡಾಕ್ಟರು. ಎರಡು ಸಲ ಕೇಳಿದ, ಎರಡು ಸಲವೂ ಹಾಗೇ ಎಂದರು.

"ಹೋಗಬೇಡ ಅಣ್ಣಾ," ಎಂದೆ ನಾನು. "ಇಲಿ ಹಾಳಾಗಿ ಹೋಗಲಿ."

"ಆ ಮಗು ನೋಡು, ಹೇಗೆ ನಿಂತಿದೆ," ಎಂದ, ಹುಡುಗಿಯ ಕಡೆ ಕಣ್ಣು ಮಾಡಿ. "ಮಧ್ಯಾಹ್ನದೊಳಗೆ ಬಂದುಬಿಡ್ತೀನಿ. ನೀನು ಇಲ್ಲಿರು ತಂಗಿ."

ಬೆಳಿಗ್ಗೆ ಹೊರಡುವಾಗ ಅವನು ಒಂದು ಕೆಲಸ ಮಾಡಿದ. ತೊಟ್ಟಿದ್ದ ಕಂದು ಸ್ವೆಟರನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ತೋಳುಗಳನ್ನು ಕುರ್ಚಿಯ ಕೈಗಳ ಮೇಲೆ ಇಳಿಬಿಟ್ಟ, ಯಾರೋ ಕೂತಿರುವ ಹಾಗೆ. ದೂರ ಹೋಗಿ ಮಂಚದ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಬಗ್ಗಿ ನೋಡಿದ, ವಾಪಸು ಬಂದು ಭುಜ ಸರಿಮಾಡಿದ.

"ಒಂದು ವೇಳೆ ಕಣ್ಣು ಬಿಟ್ರೂ ಇದು ಕಾಣುತ್ತೆ. ಇಲ್ಲೇ ಎಲ್ಲೋ ಹೋಗಿದಾರೆ ಅನ್ಕೊಳ್ತಾಳೆ," ಎಂದ.

ಅವನು ಹೋದ. ನಾನು ಕುರ್ಚಿಯಲ್ಲಿ ಕೂರಲಿಲ್ಲ, ಸ್ವೆಟರ್ ಮುದುಡೀತೆಂದು ಮಂಚದ ಕಾಲಿನ ಹತ್ತಿರ ನಿಂತೆ.

ಬಿಸಿಲು ಕಿಟಕಿಯಿಂದ ಅವಳ ಹೊದಿಕೆಯ ಮೇಲೆ ಬರುವ ಹೊತ್ತಿಗೆ ಅತ್ತಿಗೆಯ ರೆಪ್ಪೆ ಅಲುಗಾಡಿತು. ಬೇಡ, ಬೇಡ, ಇನ್ನೂ ಸಂಜೆಯಾಗಿಲ್ಲ, ಮಲಗಿಕೊ ಎಂದು ಮನಸ್ಸಿನಲ್ಲೇ ಗೋಗರೆದೆ. ಅವಳು ಕಣ್ಣು ಬಿಟ್ಟಳು. ಪೂರ್ತಿ ಎಚ್ಚರದ ಕಣ್ಣು. ಮೊದಲು ನೋಡಿದ್ದೇ ಕುರ್ಚಿಯ ಕಡೆ. ಒಂದು ಗಳಿಗೆ ಮುಖ ಅರಳಿತು, ನಾನು ಕಣ್ಣಾರೆ ನೋಡಿದೆ. ಆಮೇಲೆ ಕಣ್ಣು ಕಿರಿದು ಮಾಡಿ ಸ್ವೆಟರಿನ ಕತ್ತಿನ ಮೇಲೆ, ತಲೆ ಇರಬೇಕಾದ ಜಾಗದಲ್ಲಿ, ನೋಡಿದಳು.

"ಬರೀ ಸ್ವೆಟರ್ ಕೂತಿದೆ," ಎಂದಳು. ಮುಖಕ್ಕೆ ಹಾಕಿದ್ದ ಆಕ್ಸಿಜನ್ ಮಾಸ್ಕಿನೊಳಗಿಂದ ಧ್ವನಿ ನೂಲಿನಷ್ಟು ಬಂತು. "ಒಳಗಿದ್ದೋರು ಎಲ್ಲಿ?"

"ಇಲ್ಲೇ ಅತ್ತಿಗೆ, ಟೀ ತರೋಕೆ ಹೋಗಿದಾರೆ. ಈಗ ಬರ್ತಾರೆ."

ಅವಳು ನನ್ನನ್ನು ನೋಡಿದಳು. ಟಿಕೆಟ್ ಕಿಂಡಿಯಲ್ಲಿ ಕೂತು ಸಾವಿರಾರು ಸುಳ್ಳು ಕೇಳಿದ ಹೆಂಗಸು. "ಅವರು ಟೀ ಕುಡಿಯೋದಿಲ್ಲ," ಎಂದಳು. ಹೌದು, ಅವನು ಕುಡಿಯುವುದಿಲ್ಲ. ನನಗೂ ಗೊತ್ತಿತ್ತು, ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಅವಳು ಮತ್ತೆ ಕುರ್ಚಿಯ ಕಡೆ ತಿರುಗಿ ಸುಮಾರು ಹೊತ್ತು ನೋಡುತ್ತಲೇ ಇದ್ದಳು. ನಾನು ಹೊರಗೆ ಓಡಿ ಸಂಸ್ಥೆಗೆ ಫೋನು ಮಾಡಿದೆ. ಪರೀಕ್ಷೆ ನಡೆಯುವಾಗ ಕೊಳದ ಕೋಣೆಗೆ ಫೋನು ಕೊಡುವುದಿಲ್ಲ, ಶಬ್ದವಾಗಬಾರದು, ಅದೂ ಒಂದು ನಿಯಮ. ವಾಪಸು ಬಂದಾಗ ಅವಳು ಕಣ್ಣು ಮುಚ್ಚಿದ್ದಳು. ಮತ್ತೆ ಬಿಡಲಿಲ್ಲ. ನರ್ಸುಗಳು ಓಡಿ ಬಂದರು, ಪರದೆ ಎಳೆದರು, ನನ್ನನ್ನು ಆಚೆ ಕಳಿಸಿದರು. ರಕ್ತ ಒಳಗೇ ಸೋರಿತ್ತು ಎಂದರು ಆಮೇಲೆ.

ಕಂಬಣ್ಣ ಹೇಳಿದ ಹಾಗೆ ಮಧ್ಯಾಹ್ನದೊಳಗೇ ಬಂದ. ಮುಖದಲ್ಲಿ ಸಣ್ಣದೊಂದು ಸಂತೋಷ ಇತ್ತು. "ಎಲ್ಲಾ ನೆಟ್ಟಗೆ ಹೋದವು ತಂಗಿ, ಒಂದೂ ತಪ್ಪಲಿಲ್ಲ," ಎನ್ನುತ್ತಲೇ ಪರದೆ ಸರಿಸಿದ.

ಎಷ್ಟೋ ಹೊತ್ತಿನ ಮೇಲೆ ಅವನು ಕೇಳಿದ್ದು ಒಂದೇ. "ಕಣ್ಣು ಬಿಟ್ಲಾ?"

ಇಲ್ಲ ಎನ್ನಬಹುದಿತ್ತು. ನನ್ನ ಬಾಯಿಗೆ ಆ ದಿನದ ಸುಳ್ಳು ಮುಗಿದುಹೋಗಿತ್ತು, ಜೊತೆಗೆ ಅವಳು ನನ್ನನ್ನು ಸಾಕ್ಷಿ ಮಾಡಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವಳ ಮಾತನ್ನೂ ಹೇಳಿದೆ. ಅವನು ಅಳಲಿಲ್ಲ. ಕುರ್ಚಿಯ ಮೇಲಿದ್ದ ಸ್ವೆಟರನ್ನು ಎತ್ತಿಕೊಂಡು ತೊಟ್ಟುಕೊಂಡ. ಬಿಸಿಲಿಗೆ ಎಲ್ಲರ ಮೈ ಬೆವರುತ್ತಿತ್ತು, ಅವನು ಗಿಡ್ಡ ತೋಳುಗಳನ್ನು ಎಳೆದು ಎಳೆದು ಮಣಿಕಟ್ಟಿನ ತನಕ ತರಲು ನೋಡುತ್ತಿದ್ದ.

ಎಲ್ಲ ಮುಗಿಸಿ ಕೆಲವು ದಿನ ಅವನು ಮನೆಯಲ್ಲೇ ಉಳಿದ. ನಾನು ದಿನಾ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಈ ಕೈ ಇಲ್ದೆ ಆಗ್ತಿರಲಿಲ್ಲವಂತೆ ತಂಗಿ. ಅಷ್ಟಾದರೂ ಆಯ್ತು. ಆ ಮಗುವಿನ ಕೆಲಸ ಉಳೀತು," ಎಂದ. ಅದನ್ನೊಂದನ್ನು ಹಿಡಿದುಕೊಂಡು ಅವನು ಬದುಕಿದ್ದಾನೆ ಎಂದು ನನಗೆ ಗೊತ್ತಾಯಿತು. ನಾನು ತಲೆಯಾಡಿಸಿ ಬಟ್ಟಲಿಗೆ ಸಾರು ಬಡಿಸಿದೆ.

ಇತ್ತ ಸಂಸ್ಥೆಯಲ್ಲಿ ಹುಡುಗಿ ಚಾವಣಿಯ ಕ್ಯಾಮೆರಾದ ಚಿತ್ರಗಳನ್ನು ಹಾಕಿಕೊಂಡು ಕೂತಿದ್ದಳು. ಇಲಿಗಳು ಈಜಿದ ದಾರಿಯನ್ನು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಮೊಲದವನು ನಿಂತಿದ್ದ ದಿನದ ಗೆರೆಗಳನ್ನು ನೋಡಿ ಅವಳು ನನ್ನನ್ನು ಕರೆದಳು. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು ಪಾಪ.

"ನೋಡಕ್ಕಾ. ಹೆದರಿದ ಇಲಿ ಅಂಚು ಬಿಟ್ಟು ಬರೋದಿಲ್ಲ. ಇವು ಅಂಚಿನಲ್ಲಿ ಇಲ್ಲ. ಉಪ್ಪುನೀರಿನವು ಎಲ್ಲವೂ ತಪ್ಪಿವೆ, ಆದರೆ ಎಲ್ಲವೂ ಒಂದೇ ಜಾಗಕ್ಕೆ ಹೋಗಿ ತಪ್ಪಿವೆ. ಇಲ್ಲಿ, ಬಾಗಿಲ ಕಡೆ. ಅಣ್ಣನಿಂದ ಮಣೆ ಎಷ್ಟು ದೂರ ಇತ್ತೋ, ಮೊಲದವನಿಂದ ಅಷ್ಟೇ ದೂರ ಹೋಗಿ ಹುಡುಕಿವೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೋಡೆಯ ಚಿತ್ರಗಳು ತೊಟ್ಟಿಯ ಅಂಚಿಗೆ ಮರೆಯಾಗಿ ಅವುಗಳ ಕಣ್ಣಿಗೇ ಬಿದ್ದಿರಲಿಲ್ಲ. ಬೆಳ್ಳಗಿನ ನೀರು, ಬೆಳ್ಳಗಿನ ಗೋಡೆ, ಆ ಮೂಲೆಯಲ್ಲಿ ಒಂದು ಎತ್ತರದ ನೀಲಿ. ಅವು ಕಲಿತದ್ದು ಕಂಬಣ್ಣನನ್ನು. ಅವುಗಳ ಮಿದುಳಿನ ಸಣ್ಣ ಬಾಗಿಲುಗಳು ತೆರೆದು ಒಳಗೆ ಬಿಟ್ಟುಕೊಂಡಿದ್ದು ಅವನನ್ನು.

"ಅಂದ್ರೆ ಅವನು ಬರಲೇಬೇಕಿತ್ತು," ಎಂದೆ, ಏನೋ ಸಮಾಧಾನ ಸಿಕ್ಕಂತೆ.

ಹುಡುಗಿ ಪಂಜರಗಳ ಕಡೆ ತಿರುಗಿದಳು. ಕೊಲ್ಲದೆ ಉಳಿಸಿಕೊಂಡಿದ್ದ ಕೆಲವು ಉಪ್ಪುನೀರಿನ ಇಲಿಗಳು ಅವಳ ಹತ್ತಿರ ಇನ್ನೂ ಇದ್ದವು.

ಕಂಬಣ್ಣ ಕೆಲಸಕ್ಕೆ ಮರಳಿದ ದಿನ ಎಂದಿನಂತೆ ಮೊದಲು ನನ್ನ ಕೋಣೆಗೆ ಬಂದ. ನೀಲಿ ಕೋಟು ನೇತುಹಾಕುತ್ತಿದ್ದ ಮೊಳೆ ಅಲ್ಲೇ, ನಲ್ಲಿಯ ಪಕ್ಕ. ಮೊಳೆ ಖಾಲಿ ಇತ್ತು.

"ನನ್ನ ಕೋಟು?"

ನನಗೆ ಗೊತ್ತಿಲ್ಲವೆಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಕೊಳದ ಕೋಣೆಯ ಬಾಗಿಲು ತಳ್ಳಿದ, ನಾನು ಒದ್ದೆ ಕೈ ಒರೆಸಿಕೊಳ್ಳುತ್ತಾ ಹಿಂದೆ ಹೋದೆ.

ಕೋಟು ಅವನ ಮೂಲೆಯಲ್ಲಿತ್ತು. ಸಲೈನ್ ಬಾಟಲಿ ತೂಗುಹಾಕುವ ಉಕ್ಕಿನ ಸ್ಟ್ಯಾಂಡಿಗೆ ತೊಡಿಸಿ, ಅವನಷ್ಟೇ ಎತ್ತರಕ್ಕೆ ಏರಿಸಿ ನಿಲ್ಲಿಸಿದ್ದರು. ಮೊಲದವನು ತೊಟ್ಟಿಗೆ ಒಂದು ಇಲಿ ಬಿಟ್ಟು, ಬಗ್ಗಿಕೊಂಡೇ ನಮ್ಮ ಪಕ್ಕದಿಂದ ಆಚೆ ನುಸುಳಿಹೋದ. ಹುಡುಗಿ ಕಂಪ್ಯೂಟರಿನ ಮುಂದೆ ನಮಗೆ ಬೆನ್ನು ಮಾಡಿ ಕೂತಿದ್ದಳು. ಇಲಿ ಒಂದು ಸಲ ಮೂಗು ಮೇಲೆತ್ತಿತು. ಆಮೇಲೆ ಬೆಳ್ಳಗಿನ ನೀರನ್ನು ಸೀಳಿಕೊಂಡು ನೆಟ್ಟಗೆ, ಎಲ್ಲೂ ಅನುಮಾನಿಸದೆ, ಮಣೆಗೆ ಹೋಗಿ ಹತ್ತಿ ಕೂತಿತು. ಕೂತು ಕೋಟಿನ ಕಡೆ ನೋಡಿತು. ಬಾಗಿಲಲ್ಲಿ ನಿಂತಿದ್ದ ಕಂಬಣ್ಣನ ಕಡೆ ಅದು ತಿರುಗಲೂ ಇಲ್ಲ.

ಹುಡುಗಿ ತಿರುಗಿದವಳು ಅವನನ್ನು ಕಂಡಳು. ಕೂತಲ್ಲಿಂದ ಎದ್ದು ನಿಂತಳು.

"ಎಲ್ಲವೂ ಹೀಗೇ ಹೋದವಾ ಮೇಡಂ?" ಎಂದು ಕಂಬಣ್ಣ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

"ನನ್ನ ಕೈ ಅಂದ್ರಿ."

"ಗೊತ್ತಿರಲಿಲ್ಲ ಅಣ್ಣಾ," ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ದೇವರಾಣೆ ಗೊತ್ತಿರಲಿಲ್ಲ. ಕೋಟು ಒಂದೇ ಸಾಕಾಗಿತ್ತು. ನೀವು ಬರಬೇಕಾಗಿರಲಿಲ್ಲ."

ನನಗೆ ಆ ತೊಟ್ಟಿಯನ್ನು ಒದ್ದು ಒಡೆದುಬಿಡಬೇಕು ಅನ್ನಿಸಿತು. ಕಂಬಣ್ಣ ಕೋಟಿನ ಹತ್ತಿರ ಹೋಗಿ ನಿಂತ. ಅದರ ಒಂದು ಭುಜ ಜಾರಿತ್ತು. ಕೈ ನೀಡಿ, ಅಂದು ಬೆಳಿಗ್ಗೆ ಸ್ವೆಟರಿಗೆ ಮಾಡಿದ ಹಾಗೆಯೇ, ಅದನ್ನು ಸರಿಮಾಡಿದ.

"ಇವಕ್ಕೆ ಸಾಕಾಯ್ತು," ಎಂದ. "ಅವಳಿಗೆ ಸಾಕಾಗ್ಲಿಲ್ಲ ಮೇಡಂ."

ಇಲಿ ಇನ್ನೂ ಮಣೆಯ ಮೇಲೆ ನಡುಗುತ್ತಾ ಕೂತಿತ್ತು. ಅವನು ಟವೆಲ್ ತೆಗೆದುಕೊಂಡು ಬಗ್ಗಿ ಅದನ್ನು ಎತ್ತಿಕೊಂಡ, ಕಿವಿಯ ಹಿಂದೆಲ್ಲ ಒರೆಸಿ, ಪಂಜರದೊಳಗೆ ಬಿಟ್ಟ.